ಬೊಮ್ಮಕ್ಕನ ಪಾಟಿಗೆ ನಾನು ಹಾಕಿದ ಕತ್ತರಿ

ತಮಿಳುನಾಡಿನ ಈ ಕಂಬಂ ಕಣಿವೆಯಲ್ಲಿ ನನ್ನಿಂದ ಆಗದ ರಿಪೇರಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಯಲ್ಲಿ ಹೇಳಿದರೆ ನೀವು ನಂಬುವುದಿಲ್ಲ. ಬಾವಿಯ ಮೋಟಾರು, ದ್ರಾಕ್ಷಿಗೆ ಔಷಧಿ ಹೊಡೆಯುವ ಸ್ಪ್ರೇಯರು, ಹೆಂಡತಿಯ ಮಿಕ್ಸಿ, ಎದುರುಮನೆ ಪೆರುಮಾಳನ ಸ್ಕೂಟರು, ಎಲ್ಲವೂ ನನ್ನ ಕೈಗೆ ಬಂದು ಹೋಗಿವೆ. ಅವುಗಳಲ್ಲಿ ಕೆಲವು ಆಮೇಲೆ ಓಡಿವೆ ಕೂಡ!

ಆದರೆ ರಿಪೇರಿ ನನ್ನ ಎರಡನೇ ವಿದ್ಯೆ. ಮೊದಲನೆಯದು ಜನರನ್ನು ಏಮಾರಿಸುವುದು. ಊರಿನ ಮೇಲೆ ಹೆಲಿಕಾಪ್ಟರಿನಿಂದ ಫೋಟೋ ತೆಗೆಯುತ್ತಾರೆ ಎಂದು ಹೇಳಿ, ಪೆರುಮಾಳನಿಗೆ ಬಿಳಿ ಪಂಚೆ ಉಡಿಸಿ ಮಧ್ಯಾಹ್ನವೆಲ್ಲಾ ತಾರಸಿಯ ಮೇಲೆ ನಿಲ್ಲಿಸಿದವನು ನಾನು. ಕಂಪ್ಯೂಟರಿನ ಪರದೆ ತುಂಬ ಒಡೆದ ಗಾಜಿನ ಚಿತ್ರ ಹಾಕಿದ್ದೆ; ನನ್ನ ಹೆಂಡತಿ ಲಕ್ಕಮ್ಮ ಪೊರಕೆ ತಂದು ನೆಲದಲ್ಲಿ ಚೂರು ಹುಡುಕಿದಳು. ಇನ್ನು ಅವಳ ತಮ್ಮ ತಂಗವೇಲುವಿಗೆ ಮಾಡಿದ್ದು ನನ್ನ ಜೀವನದ ಶಿಖರ. ಅವನು ದಿಂಡುಗಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದು ರಿಟೈರ್ ಆದವನು; ಈಗ ಬತ್ತಲಗುಂಡಿನಲ್ಲಿ ವೀಳ್ಯದೆಲೆ ತೋಟ ಮಾಡಿಕೊಂಡಿದ್ದಾನೆ. ಒಂದು ದಿನ ಗಂಟಲು ದಪ್ಪ ಮಾಡಿಕೊಂಡು, "ಬೋಡಿಮೆಟ್ಟು ಎಸ್ಟೇಟಿಂದ ಮಾತಾಡ್ತಿದೀನಿ, ನಮ್ಮ ಸಾಹೇಬರ ಮಗಳ ಕಲ್ಯಾಣಕ್ಕೆ ಎಲೆ ಬೇಕು" ಎಂದು ಫೋನ್ ಮಾಡಿದೆ. ಪಾಪ, ಎಲೆಯ ಕಟ್ಟುಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಘಾಟಿ ಹತ್ತಿದ. ಮೇಲೆ ಮಂಜಿತ್ತು, ಏಲಕ್ಕಿ ಗಿಡ ಇತ್ತು, ಚಳಿ ಇತ್ತು. ಕಲ್ಯಾಣ ಮಾತ್ರ ಇರಲಿಲ್ಲ!

ಈ ತಂಗವೇಲುವೇ ನಮಗೆ ಕಂಪ್ಯೂಟರ್ ಕೊಟ್ಟದ್ದು. ಹಳೆಯದು, ಆದರೆ ಗಟ್ಟಿ. ಅದರೊಳಗೆ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿ, ಮೇಜಿನ ಮೇಲಿಟ್ಟು, ನನ್ನ ಮುಖ ನೋಡಿ ಹೇಳಿದ್ದ:

"ಬಾವ, ಇದಕ್ಕೆ ವೈರಸ್ಸು ಗಿಯಿರಸ್ಸು ಒಂದೂ ಬರಾಕಿಲ್ಲ. ನೀ ಒಬ್ಬ ಕೈ ಇಕ್ಕದೆ ಇದ್ರೆ ಸಾಕು."

ಆ ಮಾತಿನ ಎರಡನೇ ಭಾಗವನ್ನು ನಾನು ತಮಾಷೆ ಎಂದುಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ. ಲಕ್ಕಮ್ಮನಿಗೆ ಒಬ್ಬಳು ಅಕ್ಕ ಇದ್ದಳು, ಬೊಮ್ಮಕ್ಕ. ನಾವು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಜನ. ನಮ್ಮ ಮದುವೆಗಳಲ್ಲಿ ಗಂಡಿನ ಕಡೆಯವರು ಎಲೆ ಮುಂದೆ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಅವರ ಕಾಲೆಳೆಯುವ ಪಾಟು, ಅಂದರೆ ಹಾಡು, ಹೇಳುತ್ತಾರೆ. ಅದು ಕನ್ನಡದಲ್ಲೇ ಇರಬೇಕು. ಎಲೆ ಬಿಟ್ಟು ಏಳುವ ಹಾಗಿಲ್ಲ, ಕೋಪ ಮಾಡಿಕೊಳ್ಳುವ ಹಾಗಿಲ್ಲ, ತಿನ್ನುತ್ತಾ ಬೈಸಿಕೊಳ್ಳಬೇಕು. ಇಂಥ ಪಾಟಿನಲ್ಲಿ ಬೊಮ್ಮಕ್ಕನನ್ನು ಮೀರಿಸುವವರು ಕಣಿವೆಯಲ್ಲೇ ಇರಲಿಲ್ಲ. ಹೋದ ವರ್ಷ ಅವಳು ತೀರಿಕೊಂಡಳು. ಕಾಯಿಲೆ ಬೀಳುವ ಮೊದಲು ಮೊಮ್ಮಗಳು ದಿವ್ಯಾಳಿಗೆ, "ನಿನ್ನ ಕಲ್ಯಾಣಕ್ಕೆ ನಾನೇ ಪಾಟು ಹೇಳೋದು, ಬ್ಯಾರೆ ಯಾವಳೂ ಬಾಯಿ ತೆರೀಬಾರ್ದು" ಎಂದು ಮಾತು ಕೊಟ್ಟಿದ್ದಳು. ಕೊಟ್ಟ ಮಾತು ನಡೆಯಲಿ ಎಂದು ಲಕ್ಕಮ್ಮ ಅಕ್ಕನನ್ನು ಹಿತ್ತಲ ಕಟ್ಟೆಯ ಮೇಲೆ ಕೂರಿಸಿ ಪಾಟನ್ನೆಲ್ಲಾ ಫೋನಿನಲ್ಲಿ ಹಿಡಿದಿಟ್ಟಿದ್ದಳು.

ಆ ಫೋನು ಎಮ್ಮೆಗೆ ಕಲಗಚ್ಚು ಕಲಸುವಾಗ ತೊಟ್ಟಿಗೆ ಬಿತ್ತು. ಎತ್ತಿ, ಒಣಗಿಸಿ, ಬಿಚ್ಚಿ ರಿಪೇರಿ ಮಾಡಿದವನು ನಾನೇ. ಆದ್ದರಿಂದ ಆ ಫೋನು ಈಗ ಇಲ್ಲ. ಪುಣ್ಯಕ್ಕೆ ಪಾಟನ್ನು ಅದಕ್ಕೂ ಮೊದಲೇ ಕಂಪ್ಯೂಟರಿಗೆ ಹಾಕಿಟ್ಟಿದ್ದೆ. ಲೋಕದಲ್ಲಿ ಬೊಮ್ಮಕ್ಕನ ದನಿ ಉಳಿದಿದ್ದ ಜಾಗ ಅದೊಂದೇ.

ದಿವ್ಯಾಳ ಮದುವೆ ಗೊತ್ತಾಯಿತು. ಊಟದ ಪಂಕ್ತಿಯಲ್ಲಿ ದೊಡ್ಡ ಸ್ಪೀಕರಿನಲ್ಲಿ ಅಜ್ಜಿಯ ಪಾಟು ಹಾಕುವುದೆಂದು ತೀರ್ಮಾನವಾಯಿತು. ಲಕ್ಕಮ್ಮನಿಗೆ ಊಟ ನಿದ್ದೆ ಎಲ್ಲದರಲ್ಲೂ ಅದೇ ಮಾತು. ನನಗೂ ಸಂತೋಷವೇ. ಒಂದೇ ಒಂದು ಸಣ್ಣ ತೊಂದರೆ ಇತ್ತು.

ಆ ಪಾಟಿನ ನಡುವೆ ನಾನಿದ್ದೆ!

ನನ್ನ ಮದುವೆಯ ಎಲೆಯ ಮುಂದೆ ಬೊಮ್ಮಕ್ಕ ನನ್ನ ಮೇಲೆ ಕಟ್ಟಿದ ಸಾಲುಗಳು ಎಷ್ಟು ಪ್ರಸಿದ್ಧವಾದವೆಂದರೆ, ಆಮೇಲಿನ ಎಲ್ಲ ಮದುವೆಗಳಲ್ಲೂ ಮದುಮಗ ಯಾರೇ ಇರಲಿ, ನನಗೊಂದು ಪಾಲು ಬರುತ್ತಿತ್ತು.

"ಬಂದ ನೋಡೆ ನಮ್ಮ ಬಾವ, ಬಾಳೆದಿಂಡಿನಂಗೆ,
ಬಾಯಿ ತೆರೆದ್ರೆ ಪೊಯ್ಯಿ ಮಳೆ, ಐಪಸಿ ಮಾಸದಂಗೆ!
ದಿಟದ ಮಾತು ಒಂದೇ ಒಂದು ನಾಲಿಗೆಗೆ ಬಂದ್ರೆ,
ಉದುರಿ ಬೀಳ್ತವೆ ಹಲ್ಲು ಎಲ್ಲಾ, ಎಲೆಯ ಮುಂದೆ ಕುಂತ್ರೆ!"

ಪೊಯ್ಯಿ ಎಂದರೆ ಸುಳ್ಳು. ಐಪಸಿ ನಮ್ಮ ಕಡೆಯ ಜಡಿಮಳೆ ತಿಂಗಳು. ಇನ್ನು ಹಲ್ಲು, ಆಗ ನನ್ನ ಹಲ್ಲುಗಳೆಲ್ಲಾ ಸ್ವಂತದವು. ಈಗ ಮೇಲಿನ ಸಾಲು ಪೂರ್ತಿ ತೇನಿಯ ಡಾಕ್ಟರ ಕೈಕೆಲಸ.

ಊರಿನವರು ಕೇಳಿ ನಕ್ಕರೆ ನನಗೇನೂ ಇಲ್ಲ, ಅಭ್ಯಾಸವಾಗಿದೆ. ಆದರೆ ಗಂಡಿನ ಕಡೆಯವರು ಆಂಡಿಪಟ್ಟಿಯವರು. ಅವರಿಗೆ ನನ್ನ ಚರಿತ್ರೆ ತಿಳಿಯದು. ನಿಶ್ಚಿತಾರ್ಥದಲ್ಲಿ ನಾನು ಹೆಗಲಿಗೆ ಜರಿ ಅಂಚಿನ ಶಲ್ಯ ಹಾಕಿಕೊಂಡು, ಕಡಿಮೆ ಮಾತಾಡಿ, ಆಗಾಗ ಗಂಭೀರವಾಗಿ ತಲೆ ಆಡಿಸಿದ್ದೆ. ಮದುಮಗನ ತಾತ ನನ್ನ ಎರಡೂ ಕೈ ಹಿಡಿದು, "ನಿಮ್ಮಂಗೆ ಒಬ್ಬ ದೊಡ್ಡ ಮನುಸರು ಮನೇಲಿ ಇದ್ರೆ ಸಾಕು" ಎಂದಿದ್ದರು. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಹಾಗೆ ಅಂದದ್ದು! ಆ ಗೌರವವನ್ನು ಒಂದು ಮದುವೆ ಊಟದ ಮಟ್ಟಿಗಾದರೂ ಉಳಿಸಿಕೊಳ್ಳಬೇಡವೇ?

ಪಾಟಿಗೆ ನೋವಾಗದ ಹಾಗೆ ನನ್ನ ಸಾಲುಗಳನ್ನು ಮಾತ್ರ ತೆಗೆದುಬಿಡುವುದು. ಯಾರಿಗೂ ತಿಳಿಯುವುದಿಲ್ಲ. ಹಾಡು ಕತ್ತರಿಸುವ ಸಾಫ್ಟ್‌ವೇರು ಪುಕ್ಕಟೆ ಸಿಗುತ್ತದೆಂದು ಫೋನಿನಲ್ಲಿ ನೋಡಿದ್ದೆ. ಲಕ್ಕಮ್ಮ ಸೀರೆಯ ಅಂಗಡಿಗೆ ಹೋದ ಹೊತ್ತು ನೋಡಿ ಕಂಪ್ಯೂಟರಿನ ಮುಂದೆ ಕುಳಿತೆ. ಅದನ್ನು ಹಾಕು ಎಂದೆ. ಮೊದಲು ನನ್ನನ್ನು ಅಪ್‌ಡೇಟ್ ಮಾಡು ಎಂದಿತು. ಮಾಡಿಕೋ ಎಂದೆ. ಪರದೆಯ ಮೇಲೆ ಒಂದು ನೀಲಿ ಪಟ್ಟಿ ಎಡಗಡೆಯಿಂದ ಬಲಗಡೆಗೆ ತೆವಳತೊಡಗಿತು. ಅರ್ಧ ದಾಟಿತು. ನಿಂತಿತು.

ನಿಂತೇಬಿಟ್ಟಿತು. ಒಳಗಿನ ಫ್ಯಾನು ಮಾತ್ರ 'ಗುಂಯ್' ಎಂದು ಮುಲುಗತೊಡಗಿತು.

ಮೂರು ಫೇಸಿನ ಕರೆಂಟಿನಲ್ಲಿ ಬಾವಿಯ ಮೋಟಾರು ಓಡಿಸಿದ ಯಾವ ರೈತನಿಗೂ ಆ ದನಿ ಗೊತ್ತು. ಒಂದು ಫೇಸು ಹೋದರೆ ಮೋಟಾರು ತಿರುಗುವುದಿಲ್ಲ, ಹೀಗೇ ಮುಲುಗುತ್ತದೆ. ಆಗ ಯೋಚನೆ ಮಾಡುತ್ತಾ ನಿಂತರೆ ಒಳಗಿನ ತಂತಿಸುರುಳಿ, ಅದೇ ಕಾಯಿಲು, ಸುಟ್ಟು ಹೊಗೆ ಬರುತ್ತದೆ. ಓಡಿಹೋಗಿ ಮೇನ್ ಸ್ವಿಚ್ಚು ಎಳೆಯಬೇಕು. ನನ್ನ ಕೈಗೆ ಅದು ಉಸಿರಾಟದಷ್ಟು ಸಹಜ. ಯೋಚಿಸಲಿಲ್ಲ. ಎಳೆದೆ!

ಮನೆಯೇ ಕತ್ತಲಾಯಿತು. ಕಾಯಿಲು ಉಳಿಯಿತು ಎಂದು ನಿಟ್ಟುಸಿರು ಬಿಟ್ಟೆ. ಬೀಡ ಹಾಕಿಕೊಂಡು, ಮೋಟಾರು ಆರಲು ಬಿಡುವ ಹಾಗೆ ಸ್ವಲ್ಪ ಹೊತ್ತು ಬಿಟ್ಟು, ಮತ್ತೆ ಹಾಕಿದೆ.

ಕಂಪ್ಯೂಟರ್ ಎದ್ದಿತು. ಆದರೆ ಕತ್ತರಿ ಸಾಫ್ಟ್‌ವೇರು ಬಂದಿರಲಿಲ್ಲ. ಮತ್ತೆ ಕೇಳಿದರೆ ಇಂಗ್ಲಿಷಿನಲ್ಲಿ ಒಂದು ಮಾತು ಹೇಳಿತು. ಅದರ ಅರ್ಥ ಇಷ್ಟು: 'ನನ್ನಲ್ಲಿ ಏನೇನು ಸಾಫ್ಟ್‌ವೇರು ಇದೆ ಎಂದು ಗುರುತಿಟ್ಟುಕೊಳ್ಳುವ ಫೈಲೇ ಕೆಟ್ಟಿದೆ; ಇಂಥ ಸಾಲಿನ ಹತ್ತಿರ ಏನೋ ತಪ್ಪಾಗಿದೆ.'

ಸಾಲಿನ ನಂಬರನ್ನೂ ಅದೇ ಹೇಳುತ್ತಿದೆ! ಇಷ್ಟು ಮರ್ಯಾದೆಯ ಕಾಯಿಲೆಗೆ ಡಾಕ್ಟರು ಯಾತಕ್ಕೆ? ನಾನೇ ಆ ಫೈಲನ್ನು ತೆರೆದೆ. ಅಬ್ಬಾ, ಬಳ್ಳಿಯ ಹಾಗೆ ಕೆಳಕ್ಕೆ ಇಳಿಯುತ್ತಲೇ ಹೋಯಿತು. ಬಾಯಿಗೆ ಬಾರದ ಹೆಸರುಗಳು, ಒಂದಕ್ಕೊಂದು ಸುತ್ತಿಕೊಂಡಿವೆ. ನಾನು ಒಂದನ್ನೂ ಹಾಕಿಸಿದ್ದಲ್ಲ, ಒಂದರ ಮುಖವನ್ನೂ ನೋಡಿದ್ದಿಲ್ಲ. ನನಗೆ ತಕ್ಷಣ ನನ್ನ ದ್ರಾಕ್ಷಿ ತೋಟ ನೆನಪಾಯಿತು. ಚಾಟನಿ ಮಾಡದೆ, ಎಂದರೆ ಕಡ್ಡಿ ಸವರದೆ ಬಿಟ್ಟರೆ ಬಳ್ಳಿ ಹೀಗೇ ಅಡ್ಡಾದಿಡ್ಡಿ ಹಬ್ಬಿ ಕಾಯಿ ಬಿಡುವುದನ್ನೇ ಮರೆಯುತ್ತದೆ. ಕತ್ತರಿಸಿದಷ್ಟೂ ಹೊಸ ಚಿಗುರು! ಈ ಕಣಿವೆಯಲ್ಲಿ ಚಾಟನಿಯಲ್ಲಿ ನನ್ನ ಕೈಗೆ ಎದುರಿಲ್ಲ.

ಕೆಟ್ಟ ಸಾಲನ್ನು ಕತ್ತರಿಸಿದೆ. ಅದರ ಮೇಲಿನದು ಒಣಗಿದ ಹಾಗೆ ಕಂಡಿತು, ಕತ್ತರಿಸಿದೆ. ಕೆಳಗಿನದು ಬೇಡವೆನ್ನಿಸಿತು, ಕತ್ತರಿಸಿದೆ. ಕೈ ಬಿಸಿಯಾಯಿತು. ತಂಗವೇಲು ಬರೆದುಕೊಟ್ಟಿದ್ದ ಪಾಸ್‌ವರ್ಡ್ ಒತ್ತಿ ಸೇವ್ ಮಾಡಿದೆ. ಆಮೇಲೆ, 'ಒಡೆದದ್ದನ್ನು ಸರಿಮಾಡಲೇ?' ಎಂದು ಅದೇ ಕೇಳಿತು. ಮಾಡಪ್ಪಾ ಎಂದೆ. ನಾನು ಗುರುತು ಅಳಿಸಿದ್ದನ್ನೆಲ್ಲಾ ಇಲ್ಲವೇ ಇಲ್ಲವೆಂದು ತಿಳಿದು, ಅವುಗಳನ್ನು ನಂಬಿಕೊಂಡಿದ್ದವನ್ನೂ ಒಂದೊಂದಾಗಿ ಕಿತ್ತುಹಾಕುತ್ತಾ ಹೋಯಿತು. ಹಾಡು ನುಡಿಸುವುದು ಹೋಯಿತು. ಚಿತ್ರ ತೋರಿಸುವುದು ಹೋಯಿತು. ಕೊನೆಗೆ ಪರದೆಯ ಮೇಲೆ ಬಣ್ಣವೇ ಇಲ್ಲ. ಕಪ್ಪು ಹಲಗೆ, ಬಿಳಿ ಅಕ್ಷರ, ಮಿಣುಕುವ ಒಂದು ಗೀಟು.

ಆ ಹೊತ್ತಿಗೆ ಸರಿಯಾಗಿ ಲಕ್ಕಮ್ಮ ಸೀರೆಯ ಚೀಲ ಹಿಡಿದುಕೊಂಡು ಒಳಗೆ ಬಂದಳು.

"ಎನ್ನಂಗ, ಅಕ್ಕನ ಪಾಟು ವಸಿ ಇಕ್ಕಿ. ಸೀರೆ ಮಡಚ್ಕೊಂಡೇ ಕೇಳ್ತೀನಿ." ಎನ್ನಂಗ ಎಂದರೆ ನಮ್ಮ ಕಡೆ 'ರೀ' ಎಂದ ಹಾಗೆ.

"ಪಾಟು ಬರಾಕಿಲ್ಲ ಲಕ್ಕಿ. ಕಂಪ್ಯೂಟರು ಕೆಟ್ಟೋಗದೆ."

ಅವಳು ಪರದೆ ನೋಡಿದಳು. ನನ್ನನ್ನು ನೋಡಿದಳು. ನಕ್ಕಳು.

"ಓದ ಸಲ ಒಡೆದ ಗಾಜು, ಈ ಸಲ ಕರೀ ಹಲಗೆಯಾ? ನಾ ಪೊರಕೆ ತರಾಕಿಲ್ಲ, ಓಗಿ!"

"ಸತ್ಯವಾಗೂ ಕಣೆ! ನಮ್ಮ ದೇವರಾಣೆ!"

"ಪೆರುಮಾಳಣ್ಣನ್ನ ತಾರಸಿ ಮ್ಯಾಲೆ ನಿಲ್ಸಿದಾಗಲೂ ಅದೇ ದೇವರಾಣೆ ಇಕ್ಕಿದ್ರಿ."

ನಾನು ಕೈಕಾಲು ಬಡಿದುಕೊಂಡಷ್ಟೂ ಅವಳು ಮೆಚ್ಚಿಕೊಂಡಳು: "ಇವತ್ತು ನಲ್ಲಾ ಮಾಡ್ತಾ ಇದೀರಿ!" ಗದ್ದಲ ಕೇಳಿ ಎದುರುಮನೆ ಪೆರುಮಾಳ ಬಂದ. ಬಾಗಿಲಲ್ಲೇ ನಿಂತು ಮೊದಲು ಆಕಾಶದ ಕಡೆ ಒಮ್ಮೆ ನೋಡಿ, ಹೆಲಿಕಾಪ್ಟರು ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಬಂದ.

ಪೆರುಮಾಳನಿಗೆ ಕಂಪ್ಯೂಟರ್ ಬಗ್ಗೆ ಏನೂ ತಿಳಿಯದು. ಆದ್ದರಿಂದ ಧೈರ್ಯವಾಗಿ ಸಲಹೆ ಕೊಟ್ಟ.

"ಇದಕ್ಕೆ ಒಂದೇ ವಳಿ ಅಣ್ಣಾ. ನಮ್ಮ ಮಗಳ ಮನೇಲಿ ಹಿಂಗೇ ಆಯ್ತು. ಹಳೇದ ಪೂರಾ ಅಳಿಸ್ಬುಟ್ಟು ಹೊಸದು ಇಕ್ಕೋದು. ಹೊಲ ಉತ್ತು ಮಡಚಿ ಹೊಸ ಬಿತ್ತನೆ ಮಾಡಾಕಿಲ್ವಾ, ಅಂಗೇ!"

ನನಗೂ ಅದು ನ್ಯಾಯವಾಗಿ ಕಂಡಿತು. ತಂಗವೇಲು ಕೊಟ್ಟಿದ್ದ ಸಿ.ಡಿ. ಬೀರುವಿನಲ್ಲಿತ್ತು. ಹಾಕಿದೆ. ಬಣ್ಣದ ಪರದೆ ಬಂತು! ಪೆರುಮಾಳ ಚಪ್ಪಾಳೆ ತಟ್ಟಿದ. ಭಾಷೆ ಕೇಳಿತು, ಊರು ಕೇಳಿತು, ಎಲ್ಲದಕ್ಕೂ ಉತ್ತರ ಕೊಟ್ಟೆ. ಕೊನೆಗೆ, 'ಡಿಸ್ಕಿನಲ್ಲಿರುವುದನ್ನೆಲ್ಲಾ ಅಳಿಸಿ ಹೊಸದಾಗಿ ಹಾಕಲೇ?' ಎಂದಿತು. ಹೌದು ಎನ್ನುವ ಗುಂಡಿಯ ಮೇಲೆ ಬಾಣ ತಂದು ನಿಲ್ಲಿಸಿದೆ.

ಸೀರೆ ಮಡಚುತ್ತಿದ್ದ ಲಕ್ಕಮ್ಮ ಅಲ್ಲಿಂದಲೇ ಕೇಳಿದಳು:

"ಎಲ್ಲಾ ಅಳಿಸೋದಂದ್ರೆ... ಅಕ್ಕನ ಪಾಟು?"

ಪೆರುಮಾಳ ನನ್ನ ಮುಖ ನೋಡಿದ. ನಾನು ಪೆರುಮಾಳನ ಮುಖ ನೋಡಿದೆ. ಗಾಬರಿಯಲ್ಲಿ ಕೈ ತೆಗೆಯಲು ಹೋಗಿ ಬೆರಳು ಒತ್ತಿಯೇಬಿಟ್ಟೆ!

'ಖಂಡಿತವಾಗಿಯೂ?' ಎಂದು ಇನ್ನೊಂದು ಪ್ರಶ್ನೆ ಬಂತು. ಬೇಡ ಎನ್ನುವುದು ಎಲ್ಲಿದೆ ಎಂದು ಕನ್ನಡಕ ಹುಡುಕುತ್ತಿದ್ದೆ. ಪೆರುಮಾಳ ಸಹಾಯ ಮಾಡಲು ಕೀಬೋರ್ಡಿನ ಮೇಲೆ ಬಾಗಿದ. ಅವನ ಹೊಟ್ಟೆ ಎಂಟರ್ ಗುಂಡಿಯ ಕಡೆ ಇಳಿಯುತ್ತಿದ್ದಂತೆ—

ಕರೆಂಟು ಹೋಯಿತು.

ಹುಟ್ಟಿದಾಗಿನಿಂದ ಕರೆಂಟು ಹೋದಾಗಲೆಲ್ಲಾ ಬೈದಿದ್ದ ನಾನು, ಅಂದು ಬೀದಿಯ ಕಂಬದ ಕಡೆ ತಿರುಗಿ ಕೈಮುಗಿದೆ.

ಆಗ ಲಕ್ಕಮ್ಮ ನಗಲಿಲ್ಲ. ಇದು ತಮಾಷೆ ಅಲ್ಲವೆಂದು ಅವಳಿಗೆ ನನ್ನ ಆಣೆಗಳಿಂದ ಗೊತ್ತಾಗಲಿಲ್ಲ. ನಾನು ಬೆವರಿದ್ದನ್ನು ನೋಡಿ ಗೊತ್ತಾಯಿತು. ಸೀರೆಯನ್ನು ಅರ್ಧ ಮಡಿಕೆಯಲ್ಲೇ ಬಿಟ್ಟು ಬಂದು ಕಂಪ್ಯೂಟರಿನ ಡಬ್ಬದ ಮೇಲೆ ಕೈಯಿಟ್ಟಳು, ಜ್ವರ ನೋಡುವ ಹಾಗೆ.

"ಅವಳ ದನಿ ಇದರೊಳಗೆ ಮಾತ್ರ ಅಲ್ವಾ ಇದ್ದದ್ದು," ಎಂದಳು, ಮೆಲ್ಲಗೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ತಂಗವೇಲುವಿಗೆ ಫೋನ್ ಮಾಡಿದೆ.

"ಮಾಪ್ಳೆ, ಕಂಪ್ಯೂಟರು ಸತ್ತೋಯ್ತು."

"ಅಪ್ಪುಡಿಯಾ? ಯಾವ ಎಸ್ಟೇಟಿಂದ ಮಾತಾಡ್ತಿದೀರಿ ಸಾರ್?"

"ಮಾಪ್ಳೆ, ವಿಳಯಾಟ ಅಲ್ಲ ಇದು!"

"ಎಲೆ ಎಷ್ಟು ಕಟ್ಟು ಬೇಕು ಸಾರ್? ಮಂಜು ಅದೆಯಾ ಮ್ಯಾಲೆ?"

ಫೋನು ಇಟ್ಟುಬಿಟ್ಟ. ಮತ್ತೆ ಮಾಡಿದೆ, ಎತ್ತಲಿಲ್ಲ. ಲಕ್ಕಮ್ಮ ತನ್ನ ಹೊಸ ಫೋನಿನಿಂದ ಮಾಡಿ, "ತಂಗ, ಅಕ್ಕನ ಪಾಟು ಓಯ್ತು ಕಣೋ" ಎಂದಳು. ಕೇಳಿದ ಕೂಡಲೇ ಅವನು ನನ್ನ ಕೈಗೆ ಫೋನು ಕೊಡಿಸಿದ. ದನಿ ಡಾಕ್ಟರ ಹಾಗೆ ಗಂಭೀರವಾಗಿತ್ತು.

"ಬಾವ, ನಾ ಹೇಳಿದಂಗೆ ಕೇಳು. ಏನೂ ಮುಟ್ಟಬ್ಯಾಡ. ಡಬ್ಬ ಎತ್ಕೊಂಡು ನಾಳೆ ಬಸ್ಸು ಹತ್ತು. ಕೆಳಗೆ ಇಕ್ಕಬಾರ್ದು, ಮಡಿಲಲ್ಲೇ ಇರಬೇಕು. ಕಂಬಳಿ ಸುತ್ತು. ಪ್ರತಿ ಸ್ಟಾಪಲ್ಲೂ ಮೆಲ್ಲಕೆ ಒಂದು ಸಲ ತಟ್ಟು. ಇಲ್ಲಾಂದ್ರೆ ಒಳಗೆ ಡಿಸ್ಕು ಅಂಟ್ಕೊಂಡುಬುಡ್ತದೆ."

"ತಟ್ಟೋದು ಎಡಗೈಲಾ ಬಲಗೈಲಾ?"

"ಬಲಗೈ," ಎಂದ ತಂಗವೇಲು, ಸ್ವಲ್ಪವೂ ನಗದೆ.

ಮರುದಿನ ಬೆಳಿಗ್ಗೆ ನಾನೂ ಲಕ್ಕಮ್ಮನೂ ಕಂಬಂನಲ್ಲಿ ಬಸ್ಸು ಹತ್ತಿದೆವು. ಬಸ್ಸು ತುಂಬಿತ್ತು. ನಾನು ಕಂಬಳಿ ಸುತ್ತಿದ ಡಬ್ಬವನ್ನು ಎದೆಗೊತ್ತಿ ಹಿಡಿದು ನಿಂತೆ. ಚಿನ್ನಮನ್ನೂರು ಬಂತು, ತಟ್ಟಿದೆ. ವೀರಪಾಂಡಿ ಬಂತು, ತಟ್ಟಿದೆ. ಪಕ್ಕದ ಸೀಟಿನಲ್ಲಿ ಕುಳಿತಿದ್ದ ಒಬ್ಬ ಹೆಂಗಸು ತುಂಬ ಹೊತ್ತು ನೋಡಿ, ತಡೆಯಲಾರದೆ ತಮಿಳಿನಲ್ಲಿ ಕೇಳಿದಳು, ಒಳಗೆ ಏನಿದೆ ಐಯಾ ಎಂದು.

ಬಾಳಿನಲ್ಲಿ ಆ ಒಂದು ದಿನ ನನಗೆ ಸುಳ್ಳು ಹೇಳುವ ಶಕ್ತಿ ಇರಲಿಲ್ಲ. ಲಕ್ಕಮ್ಮನ ಕಡೆ ತೋರಿಸಿ ತಮಿಳಿನಲ್ಲೇ ನಿಜ ಹೇಳಿದೆ:

"ಇವಳ ಅಕ್ಕ ಇದ್ದಾಳಮ್ಮಾ."

ಹೆಂಗಸು ಎದ್ದು ನಿಂತಳು. ಅವಳ ಪಕ್ಕದವನೂ ಎದ್ದ. ಯಾರೋ ಮುಂದೆ ಹೋಗಿ ಡ್ರೈವರಿನ ಕಿವಿಯಲ್ಲಿ ಹೇಳಿದರು. ಜೋರಾಗಿ ಬಡಿಯುತ್ತಿದ್ದ ಸಿನಿಮಾ ಪಾಟು ನಿಂತಿತು. ಕಂಡಕ್ಟರು ಬಂದು ಡಬ್ಬಕ್ಕೆ ಕೈಮುಗಿದು, "ಎಲ್ಲಿ ಕರೈಸುತ್ತೀರಿ, ವೈಗೈಯಲ್ಲಾ?" ಎಂದು ಕೇಳಿದ. ಬೂದಿ ಬಿಡುವುದು ಯಾವ ಹೊಳೆಯಲ್ಲಿ ಎಂದು! ಲಕ್ಕಮ್ಮ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದಳು. "ಅಲ್ಲ, ಅಲ್ಲ, ಇದು ಕಂಪ್ಯೂಟರು!" ಎಂದೆ. ಕಂಡಕ್ಟರು ನನ್ನ ಹೆಗಲು ಸವರಿ ಲಕ್ಕಮ್ಮನಿಗೆ ಹೇಳಿದ:

"ಪಾವಂ ಅಮ್ಮಾ. ದುಃಖದಲ್ಲಿ ಏನೇನೋ ಮಾತಾಡ್ತಾರೆ. ನೋಡ್ಕೊಳ್ಳಿ."

ಅಲ್ಲಿಂದ ತೇನಿಯವರೆಗೆ, ನಾನು ಡಬ್ಬ ತಟ್ಟಿದಾಗಲೆಲ್ಲಾ ಇಡೀ ಬಸ್ಸು ನಿಟ್ಟುಸಿರು ಬಿಟ್ಟಿತು.

ತೇನಿಯಲ್ಲಿ ಬಸ್ಸು ಬದಲಾಯಿಸಿ ಬತ್ತಲಗುಂಡು ಸೇರಿದೆವು. ತಂಗವೇಲು ಬಾಗಿಲಲ್ಲೇ ಕಾಯುತ್ತಿದ್ದ. ಕಂಬಳಿ ನೋಡಿ ತುಟಿ ಕಚ್ಚಿಕೊಂಡ.

"ತಟ್ಟಿದ್ಯಾ ಬಾವ?"

"ಒಂದು ಸ್ಟಾಪೂ ಬಿಡ್ಲಿಲ್ಲ."

"ನಲ್ಲದು." ಅಷ್ಟೇ ಹೇಳಿ ಡಬ್ಬಕ್ಕೆ ತನ್ನ ಪರದೆ, ಕೀಬೋರ್ಡು ಸಿಕ್ಕಿಸಿದ. ಅದೇ ಕಪ್ಪು ಹಲಗೆ ಬಂತು. ನಾನು ಕಣ್ಣು ಮುಚ್ಚಿಕೊಂಡೆ. ಅವನು ಟಕಟಕ ಎಂದು ಏನೋ ಒತ್ತಿದ. ಕೆಳಗಿನಿಂದ ಮೇಲಕ್ಕೆ ಬಿಳಿ ಹೆಸರುಗಳು ಓಡಿದವು. ಒಂದು ಕಡೆ ನಿಲ್ಲಿಸಿ, "ಅಕ್ಕಾ, ಇಲ್ಲಿ ನೋಡು," ಎಂದು ಬೆರಳಿಟ್ಟ. ಇಂಗ್ಲಿಷ್ ಅಕ್ಷರದಲ್ಲಿ 'ಬೊಮ್ಮಕ್ಕ' ಎಂದಿತ್ತು.

"ಪಾಟು ಎಲ್ಲೂ ಓಗಿಲ್ಲ. ಇದ್ದಲ್ಲೇ ಅದೆ."

ಲಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮತ್ತೆ ಇದಕ್ಕೆ ಏನೋ ಆಗಿದ್ದು?"

"ನಮ್ಮ ಕಲ್ಯಾಣದಲ್ಲಿ ಎಲ್ಲಾರ ಮನೆಯಿಂದಲೂ ಪಾತ್ರೆ ತರ್ತೀವಲ್ಲ. ಯಾವ ಅಂಡೆ ಯಾರದ್ದು, ಯಾವ ಮುಚ್ಚಳ ಯಾವುದಕ್ಕೆ ಅಂತ ಉಗ್ರಾಣದಲ್ಲಿ ಕುಂತು ಹೇಳ್ತಿದ್ದೋರು ಯಾರು?"

"ಅಕ್ಕ," ಎಂದಳು ಲಕ್ಕಮ್ಮ. ನಿಜ. ಬೊಮ್ಮಕ್ಕ ಉಗ್ರಾಣದ ಬಾಗಿಲಲ್ಲಿ ಕುಳಿತರೆ ಒಂದು ಸೌಟೂ ಅದಲುಬದಲಾಗುತ್ತಿರಲಿಲ್ಲ.

"ಮಿಷಿನ್ನೊಳಗೂ ಅಂಗೊಬ್ಬಳು ಅಕ್ಕ ಇದಾಳೆ. ಅವಳ ತಲೆ ಕೆಡಿಸವ್ರೆ ಬಾವ. ಯಾವುದು ಅದೆ, ಯಾವುದು ಇಲ್ಲ ಅಂತ ಅವಳಿಗೆ ಗ್ನಾಪಕ ತಪ್ಪಿ, ಇದ್ದ ಪಾತ್ರೆನೂ ಬೀದಿಗೆ ಎಸೆದವ್ಳೆ. ಪುಣ್ಯಕ್ಕೆ ಅವಳು ತನ್ನ ಗ್ನಾಪಕನ ದಿನಾ ಒಂದು ನಕಲು ಎತ್ತಿ ಇನ್ನೊಂದು ಕಡೆ ಇಕ್ಕಿರ್ತಾಳೆ. ಬಾವ ಕೈ ಇಕ್ಕೋಕೆ ಮುಂಚಿನ ನಕಲು ಅಲ್ಲೇ ಅದೆ. ಅದ ತಂದು ಇಲ್ಲಿ ಇಕ್ಕಿದ್ರೆ ಮುಗೀತು. ಎಸೆದ ಪಾತ್ರೆ ಮತ್ತೆ ತರಿಸ್ಕೋಬಹುದು."

ಮುಗಿದೇ ಹೋಯಿತು. ಒಂದು ಸಾಲು ಒತ್ತಿದ, ಹಳೆಯ ನಕಲು ಜಾಗಕ್ಕೆ ಬಂತು. ಇನ್ನೊಂದು ಸಾಲು, ಅರ್ಧಕ್ಕೆ ನಿಂತಿದ್ದ ಕೆಲಸ ಪೂರ್ತಿಯಾಯಿತು. ಮತ್ತೊಂದು ಸಾಲು, ಕಿತ್ತುಹೋದದ್ದೆಲ್ಲಾ ಇಂಟರ್ನೆಟ್ಟಿನಿಂದ ಮರಳಿ ಇಳಿಯಿತು. ನಾವು ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಬಣ್ಣದ ಪರದೆ ನಗುತ್ತಾ ಬಂತು.

"ಇಷ್ಟೇನಾ?" ಎಂದೆ. "ಇದನ್ನ ಫೋನಲ್ಲೇ ಹೇಳಿದ್ರೆ ನಾನೇ ಒತ್ತುತಿದ್ದೆನಲ್ಲಾ?"

"ಆಮಾ, ಹೇಳಬಹುದಾಗಿತ್ತು," ಎಂದು ಒಪ್ಪಿಕೊಂಡ ತಂಗವೇಲು. "ಬೋಡಿಮೆಟ್ಟಲ್ಲಿ ಕಲ್ಯಾಣ ಇಲ್ಲ ಅಂತಾನೂ ಫೋನಲ್ಲೇ ಹೇಳಬಹುದಾಗಿತ್ತು."

"ಮತ್ತೆ ಆ ತಟ್ಟೋದು?"

"ಅದು ಡಿಸ್ಕಿಗಲ್ಲ ಬಾವ. ನನಗೆ."

ಅಕ್ಕ ತಮ್ಮ ಇಬ್ಬರೂ ಗೋಡೆ ಹಿಡಿದುಕೊಂಡು ನಕ್ಕರು. ನಾನು ದೊಡ್ಡ ಮನುಷ್ಯನ ಹಾಗೆ ಗಂಭೀರವಾಗಿ ತಲೆ ಆಡಿಸಿದೆ. ಗಂಡಾಂತರ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆಗ ತಂಗವೇಲು ಪರದೆಯ ಕಡೆ ಬಾಗಿ, ಹುಬ್ಬು ಗಂಟಿಕ್ಕಿದ.

"ಅಲ್ಲ ಬಾವ, ಅರ್ಧಕ್ಕೆ ನಿಂತಿದ್ದ ಕೆಲಸ ಈಗ ಪೂರಾ ಆಯ್ತಲ್ಲ, ಹೊಸ ಸಾಫ್ಟ್‌ವೇರು ಒಂದು ಬಂದು ಕುಂತದೆ. ಪಾಟು ಕತ್ತರಿಸೋದು. ಇದು ಯಾತಕ್ಕೆ?"

ನಗು ನಿಂತಿತು. ಲಕ್ಕಮ್ಮ ನನ್ನನ್ನು ನೋಡಿದಳು. ನಾನು ತಂಗವೇಲುವಿನ ಮನೆಯ ಸೂರನ್ನು ನೋಡಿದೆ. ಒಳ್ಳೆಯ ಸೂರು.

"ಕೋಳಿ," ಎಂದೆ. "ಪಾಟಿನ ನಡುವೆ ಕೋಳಿ ಕೂಗೋ ಸದ್ದು ಇತ್ತು. ಅದ ತೆಗೀಬೇಕೂಂತ."

"ಕೋಳಿಯಾ?" ಎಂದಳು ಲಕ್ಕಮ್ಮ. ಅಷ್ಟೇ. ತಂಗವೇಲುವಿನಿಂದ ಪಾಟನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು, ಸೊಂಟದ ಚೀಲಕ್ಕೆ ಸಿಕ್ಕಿಸಿದಳು. ಅಲ್ಲಿಂದ ಮದುವೆಯವರೆಗೆ ಆ ಚೀಲ ಅವಳ ಸೊಂಟ ಬಿಟ್ಟು ಇಳಿಯಲಿಲ್ಲ.

ಮದುವೆಯ ದಿನ. ಊಟದ ಪಂಕ್ತಿಯಲ್ಲಿ ಮದುಮಗನ ತಾತ ನನ್ನನ್ನು ಕೈಹಿಡಿದು ಕರೆದೊಯ್ದು ತಮ್ಮ ಪಕ್ಕದ ಎಲೆಗೆ ಕೂರಿಸಿಕೊಂಡರು. ಸುತ್ತ ಆಂಡಿಪಟ್ಟಿಯ ಹಿರಿಯರು. ನಾನು ಶಲ್ಯ ಸರಿಮಾಡಿಕೊಂಡೆ. ಪಾಯಸ ಬಿತ್ತು. ಸ್ಪೀಕರು 'ಕರ್' ಎಂದಿತು.

ಆಮೇಲೆ ಬೊಮ್ಮಕ್ಕ ಬಂದಳು. ಛತ್ರದ ತುಂಬ ಅವಳ ದನಿ! ಬಡಿಸುವವರು ನಿಂತಲ್ಲೇ ನಿಂತರು. ಹಸೆಯ ಮೇಲಿಂದ ಎದ್ದು ಬಂದಿದ್ದ ದಿವ್ಯಾ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಳು. ನಮ್ಮ ಹುಡುಗ ಹುಡುಗಿಯರಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಆಡಲು ನಾಲಿಗೆ ಹೊರಳುವುದಿಲ್ಲ; ಅವರೂ ಕೂಡ ಸಾಲಿನ ಕೊನೆಯ ಮಾತನ್ನು ಒಟ್ಟಾಗಿ ಕೂಗತೊಡಗಿದರು. ಮದುಮಗ ಯಾರಾದರೂ ಸರಿಯೇ, ಅವನ ಮೂಗಿಗೆ ಒಂದು ಸಾಲು, ಅವನ ಅಪ್ಪನ ಹೊಟ್ಟೆಗೆ ಒಂದು ಸಾಲು. ಆಮೇಲೆ ನನ್ನದು ಬಂತು. ಬಾಳೆದಿಂಡು ಬಂತು, ಪೊಯ್ಯಿ ಮಳೆ ಬಂತು, ಹಲ್ಲು ಬಂತು. ನಮ್ಮ ಊರಿಗೆ ಊರೇ ನನ್ನ ಕಡೆ ತಿರುಗಿ ಕೈ ತೋರಿಸಿತು. ಮದುಮಗನ ತಾತ ನನ್ನಿಂದ ಸ್ವಲ್ಪ ಸರಿದು ಕುಳಿತು, ನನ್ನನ್ನು ಹೊಸದಾಗಿ ನೋಡಿದರು.

ಇರಲಿ, ಮುಗಿಯಿತು ಎಂದುಕೊಂಡೆ. ಪಾಟು ಮುಗಿದಿತ್ತು, ನಿಜ. ಆದರೆ ರೆಕಾರ್ಡು ಮುಗಿದಿರಲಿಲ್ಲ. ಮನೆಯಲ್ಲಿ ನಾವು ಯಾವಾಗಲೂ ಪಾಟು ಮುಗಿದ ಕೂಡಲೇ ನಿಲ್ಲಿಸಿಬಿಡುತ್ತಿದ್ದೆವು. ಛತ್ರದಲ್ಲಿ ಯಾರೂ ನಿಲ್ಲಿಸಲಿಲ್ಲ. ಹಿತ್ತಲ ಕೋಳಿ ಒಂದು ಕೂಗಿತು. ನಿಜವಾಗಿಯೂ ಕೋಳಿ ಇತ್ತು! ಬೊಮ್ಮಕ್ಕ ಕೆಮ್ಮಿದಳು. ನೀರು ಕುಡಿದಳು. ಆಮೇಲೆ, ಮೈಕಿನಲ್ಲಿ ಮಾತಾಡಿದಷ್ಟು ಸ್ಪಷ್ಟವಾಗಿ ಹೇಳಿದಳು:

"ಲಕ್ಕೀ, ಇದ ನಿನ್ನ ಗಂಡನ ಕೈಗೆ ಮಾತ್ರ ಕೊಡಬ್ಯಾಡ ಕಣೆ. ಅವನ ಸಾಲನ್ನ ಅವನು ಕತ್ತರಿಸಾಕೆ ಓಗಿ, ಪೂರಾ ಪಾಟನ್ನೇ ಕಳೆದ್ಬುಡ್ತಾನೆ."

ಆಮೇಲೆ ಎದ್ದ ನಗು ಇದೆಯಲ್ಲಾ, ಅದು ಬತ್ತಲಗುಂಡಿಗೂ ಕೇಳಿಸಿರಬೇಕು. ಆದರೆ ಬತ್ತಲಗುಂಡಿನವನು 'ಕೋಳಿ! ಕೋಳಿ!' ಎಂದು ಕೂಗುತ್ತಾ ನನ್ನ ಎದುರು ಪಂಕ್ತಿಯಲ್ಲೇ ಇದ್ದ. ಪೆರುಮಾಳ ನಕ್ಕು ನಕ್ಕು ಕಂಬಕ್ಕೆ ಒರಗಿದ. ಲಕ್ಕಮ್ಮ ಸ್ಪೀಕರಿನ ಪಕ್ಕ ನಿಂತಿದ್ದಳು. ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಹೇಳಲು ಬರುವುದಿಲ್ಲ. ಎರಡನ್ನೂ ಒಟ್ಟಿಗೇ ಮಾಡುತ್ತಿದ್ದಳು. ನಗುತ್ತಲೇ ಅಲ್ಲಿಂದ ಕೂಗಿದಳು:

"ಎನ್ನಂಗ! ಈಗಲಾದ್ರೂ ಹೇಳಿ. ಕೋಳಿಯಾ, ನಿಮ್ಮ ಸಾಲಾ?"

ಅವಳ ಆ ಮುಖಕ್ಕೆ ಸುಳ್ಳು ಹೇಳಲು ನನ್ನಂಥವನಿಂದಲೂ ಆಗಲಿಲ್ಲ. ಎಲೆಯ ಮುಂದೆ ನೆಟ್ಟಗೆ ಕುಳಿತು, ಇಡೀ ಛತ್ರಕ್ಕೆ ಕೇಳುವ ಹಾಗೆ ಬಾಯ್ತುಂಬ ಹೇಳಿದೆ:

"ಆಮಾ! ನನ್ನ ಸಾಲೇ!"

ಮೇಲಿನ ಹಲ್ಲಿನ ಸೆಟ್ಟು ಪೂರ್ತಿ ಕಳಚಿ, ಎಲೆಯ ಮೇಲಿನ ಪಾಯಸದಲ್ಲಿ ಬಿತ್ತು.

ಬೊಮ್ಮಕ್ಕ ಅಂದೇ ಹೇಳಿದ್ದಳು. ನನ್ನಿಂದ ಆಗದ ರಿಪೇರಿ ಇಲ್ಲ ಎಂದು ಮೊದಲಿಗೆ ಹೇಳಿದೆನಲ್ಲ, ಆ ಸೆಟ್ಟನ್ನು ತೊಳೆದು, ಬಿರುಕಿಗೆ ಅಂಟು ಹಾಕಿ ನಾನೇ ರಿಪೇರಿ ಮಾಡಿದ್ದೇನೆ. ಸದ್ಯಕ್ಕೆ ಗಂಜಿ ಕುಡಿಯುತ್ತಿದ್ದೇನೆ.